ಬಾಡಿಗೆ ಮನೆಯಲ್ಲಿ ಏನೇನು ಇರಬೇಕು? ಸಹಿ ಹಾಕುವ ಮುನ್ನ ಪಟ್ಟಿ ಮಾಡಿಕೊಳ್ಳಿ

ಬೆಂಗಳೂರು: ‘ಮನೆ ಬಾಡಿಗೆಗೆ ಇದೆ. ಎರಡು ಬೆಡ್‌ರೂಂ, ಸೆಮಿ ಫರ್ನಿಶ್ಡ್’. ಗೇಟಿಗೆ ತೂಗುಹಾಕಿದ ಇಂಥ ಫಲಕಗಳನ್ನು ನಗರದ ಯಾವ ಬಡಾವಣೆಯಲ್ಲಾದರೂ ಕಾಣಬಹುದು. ಎರಡು ಬೆಡ್‌ರೂಂ ಎಂದರೇನು ಎಂಬುದು ಎಲ್ಲರಿಗೂ ಗೊತ್ತು. ಆದರೆ ‘ಸೆಮಿ ಫರ್ನಿಶ್ಡ್’ ಎಂಬ ಎರಡು ಪದಗಳಲ್ಲಿ ಏನೇನು ಅಡಗಿದೆ ಎಂಬುದು ಮಾಲೀಕರಿಗೊಂದು, ದಲ್ಲಾಳಿಗೊಂದು, ಬಾಡಿಗೆದಾರನಿಗೆ ಮತ್ತೊಂದು.

ಒಂದು ಸಂಸಾರ ಇಂಥ ಮನೆಯೊಂದಕ್ಕೆ ಬರುತ್ತದೆ ಎಂದು ಭಾವಿಸೋಣ. ಮನೆ ನೋಡಲು ಹೋದ ದಿನ ಸ್ನಾನದ ಮನೆಯಲ್ಲಿ ಗೀಸರ್ ಕಂಡಿತ್ತು, ಹಾಲಿನಲ್ಲಿ ಫ್ಯಾನ್ ತಿರುಗುತ್ತಿತ್ತು, ಅಡುಗೆಮನೆಯಲ್ಲಿ ಚಿಮಣಿ ಇತ್ತು. ಸಾಮಾನು ಇಳಿಸಿದ ದಿನ ನೋಡಿದರೆ ಫ್ಯಾನುಗಳಿಲ್ಲ; ಅವು ಹಿಂದಿನ ಬಾಡಿಗೆದಾರರದಂತೆ, ಬಿಚ್ಚಿಕೊಂಡು ಹೋಗಿದ್ದಾರೆ. ಗೀಸರ್ ಇದೆ, ಆದರೆ ನೀರು ಕಾಯುವುದಿಲ್ಲ. ರಿಪೇರಿ ಮಾಡಿಸಿಕೊಡಿ ಎಂದರೆ ‘ನೀವೇ ಮಾಡಿಸಿಕೊಳ್ಳಿ, ಆಮೇಲೆ ನೋಡೋಣ’ ಎಂಬ ಉತ್ತರ. ಎರಡು ವರ್ಷ ಕಳೆದು ಮನೆ ಬಿಡುವಾಗ ಮುಂಗಡದ ಲೆಕ್ಕದಲ್ಲಿ ‘ಗೀಸರ್ ಹಾಳು ಮಾಡಿದ್ದಕ್ಕೆ’ ಎಂದು ಒಂದಿಷ್ಟು ಸಾವಿರ ಕಡಿತವಾಗಿರುತ್ತದೆ. ಗೀಸರ್ ಮೊದಲೇ ಕೆಟ್ಟಿತ್ತು ಎಂಬುದಕ್ಕೆ ಆ ಸಂಸಾರದ ಬಳಿ ಒಂದು ಚೂರು ಕಾಗದವೂ ಇಲ್ಲ.

ಈ ಸನ್ನಿವೇಶ ಕಲ್ಪಿತವಾದರೂ ಬಾಡಿಗೆ ಮನೆಯಲ್ಲಿ ಬಾಳಿದವರಿಗೆ ಅಪರಿಚಿತವಲ್ಲ. ಹಾಗಾದರೆ ಬಾಡಿಗೆದಾರನು ಮನೆಯೊಂದರಲ್ಲಿ ಯಾವ ಯಾವ ಸಾಧನಗಳನ್ನು ನಿರೀಕ್ಷಿಸಬಹುದು? ಕಾನೂನು ಏನನ್ನು ಕೊಡಿಸುತ್ತದೆ, ರೂಢಿ ಏನನ್ನು ಕೊಡಿಸುತ್ತದೆ? ಕೆಟ್ಟರೆ ಯಾರ ಖರ್ಚು? ಇಲ್ಲಿದೆ ವಿವರ.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಬಾಡಿಗೆ ಕಾಯಿದೆ 1999 ರಾಜ್ಯದಲ್ಲಿ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಜಾಗವನ್ನು ಅದು ತುಂಬಿತು. ಆದರೆ ಅದು ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಕಡೆ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆ ಇರುವ ವಾಸದ ಮನೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಇಂದು ಈ ಮಿತಿಯೊಳಗೆ ಸಂಸಾರ ಹೂಡುವಂಥ ಮನೆ ಸಿಗುವುದು ದುರ್ಲಭ.

ಹೀಗಾಗಿ ಬಹುಪಾಲು ಬಾಡಿಗೆ ಮನೆಗಳ ವ್ಯವಹಾರವು 1882ರ ಆಸ್ತಿ ವರ್ಗಾವಣೆ ಕಾಯಿದೆಯ ಅಡಿಯಲ್ಲಿ ಬರುತ್ತದೆ. ಈ ಕಾಯಿದೆ ರೂಪುಗೊಂಡ ಕಾಲದಲ್ಲಿ ಭಾರತದ ಮನೆಗಳಲ್ಲಿ ವಿದ್ಯುತ್ ದೀಪವೇ ಇರಲಿಲ್ಲ. ಫ್ರಿಜ್, ಗೀಸರ್‌ಗಳ ಮಾತು ದೂರ. ಬಾಡಿಗೆದಾರನಿಗೆ ಯಾವ ಸಾಧನ ಕೊಡಬೇಕು ಎಂಬ ಒಂದು ಸಾಲೂ ಅದರಲ್ಲಿಲ್ಲ.

ಆದರೂ ಅದರ 108ನೇ ಕಲಮನ್ನು ಪ್ರತಿಯೊಬ್ಬ ಬಾಡಿಗೆದಾರನೂ ತಿಳಿದಿರಬೇಕು. ಮಾಲೀಕನ ಮತ್ತು ಬಾಡಿಗೆದಾರನ ಹಕ್ಕು ಬಾಧ್ಯತೆಗಳನ್ನು ಹೇಳುವ ಈ ಕಲಮು ಒಂದು ಷರತ್ತಿನಿಂದ ಆರಂಭವಾಗುತ್ತದೆ: ಬೇರೆ ರೀತಿಯ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ ಮಾತ್ರ ಈ ನಿಯಮಗಳು ಅನ್ವಯ. ಅಂದರೆ ಕರಾರಿನಲ್ಲಿ ಬರೆದುಕೊಂಡದ್ದಕ್ಕೆ ಮೊದಲ ಮಣೆ.

ಆ ಕಲಮಿನ ಮೂರು ಅಂಶಗಳು ಇಲ್ಲಿ ಮುಖ್ಯ. ಮನೆಯ ಬಳಕೆಗೆ ತೊಡಕಾಗುವಂಥ ದೋಷ ಮಾಲೀಕನಿಗೆ ಗೊತ್ತಿದ್ದು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಬಾಡಿಗೆದಾರನಿಗೆ ಕಾಣದಿದ್ದರೆ, ಅದನ್ನು ಮಾಲೀಕ ತಿಳಿಸಬೇಕು. ಮಾಲೀಕನು ಮಾಡಿಸಬೇಕಾದ ರಿಪೇರಿಯನ್ನು ಸೂಚನೆ ಕೊಟ್ಟ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮನೆ ಬಿಡುವಾಗ ಬಾಡಿಗೆದಾರನು ಅದನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕು. ಆದರೆ ಸಹಜ ಬಳಕೆಯಿಂದಾದ ಸವಕಳಿಗೆ ಅವನು ಹೊಣೆಯಲ್ಲ.

ಎರಡನೆಯ ಅಂಶದಲ್ಲಿ ಒಂದು ತೊಡಕಿದೆ. ‘ಮಾಲೀಕನು ಮಾಡಿಸಬೇಕಾದ ರಿಪೇರಿ’ ಯಾವುದು ಎಂಬ ಪಟ್ಟಿಯನ್ನು ಕಾಯಿದೆ ಕೊಟ್ಟಿಲ್ಲ. ಅದು ಕರಾರಿನಲ್ಲೇ ಇರಬೇಕು. ಕರಾರಿನಲ್ಲಿ ಗೀಸರ್‌ನ ಹೆಸರೇ ಇಲ್ಲದಿದ್ದರೆ ಅದರ ರಿಪೇರಿ ಯಾರ ಹೊಣೆ ಎಂಬ ಪ್ರಶ್ನೆ ಬಾಯಿಮಾತಿನ ಜಗಳವಾಗಿಯೇ ಉಳಿಯುತ್ತದೆ.

ಜಾಹೀರಾತಿನ ಮೂರು ಪದಗಳು

ಅನ್‌ಫರ್ನಿಶ್ಡ್, ಸೆಮಿ ಫರ್ನಿಶ್ಡ್, ಫುಲ್ಲಿ ಫರ್ನಿಶ್ಡ್. ಬಾಡಿಗೆ ಮಾರುಕಟ್ಟೆ ಈ ಮೂರು ಪದಗಳ ಮೇಲೆ ನಡೆಯುತ್ತದೆ. ಇವು ವ್ಯಾಪಾರದ ಪದಗಳೇ ಹೊರತು ಕಾನೂನಿನ ಪದಗಳಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ರೂಢಿಯಲ್ಲಿರುವ ಅರ್ಥ ಹೀಗಿದೆ.

ಅನ್‌ಫರ್ನಿಶ್ಡ್ ಎಂದರೆ ಗೋಡೆ, ನೆಲ, ಬಾಗಿಲು, ನಲ್ಲಿ, ಸಿಂಕು, ಕಮೋಡು, ವೈರಿಂಗ್ ಮತ್ತು ಸ್ವಿಚ್‌ಗಳಷ್ಟೇ. ಟ್ಯೂಬ್‌ಲೈಟ್, ಬಲ್ಬುಗಳಿದ್ದರೆ ಅದೃಷ್ಟ. ಫ್ಯಾನ್ ತೂಗುಹಾಕುವ ಕೊಕ್ಕೆ ಇರುತ್ತದೆ, ಫ್ಯಾನ್ ಇರಲೇಬೇಕೆಂದೇನಿಲ್ಲ. ಹಳೆಯ ಬಡಾವಣೆಗಳಲ್ಲಿ ಮಾಲೀಕರು ಕೆಳಗಿನ ಮಹಡಿಯಲ್ಲಿದ್ದು ಮೇಲಿನ ಮನೆಯನ್ನು ಬಾಡಿಗೆಗೆ ಕೊಡುವಲ್ಲಿ ಸಾಮಾನ್ಯವಾಗಿ ಇದೇ ಪದ್ಧತಿ.

ಸೆಮಿ ಫರ್ನಿಶ್ಡ್ ಎಂದರೆ ಗೋಡೆಗೆ ಕೂರಿಸಿದ ಬೀರುಗಳು, ಅಡುಗೆಮನೆಯ ಕಪಾಟುಗಳು, ದೀಪ, ಫ್ಯಾನ್ ಮತ್ತು ಗೀಸರ್. ಅಪಾರ್ಟ್‌ಮೆಂಟುಗಳಲ್ಲಿ ಚಿಮಣಿ ಸೇರಿರಬಹುದು. ಕಿಟಕಿಯ ಪರದೆಯ ಸರಳು, ಸೊಳ್ಳೆ ಜಾಲರಿ ಇರಬಹುದು, ಇಲ್ಲದಿರಬಹುದು. ಫ್ರಿಜ್, ವಾಷಿಂಗ್ ಮೆಷಿನ್, ಒಲೆ ಇರುವುದಿಲ್ಲ ಎಂದೇ ತಿಳಿಯಬೇಕು. ತಕರಾರುಗಳಿಗೆ ಹೆಚ್ಚು ಎಡೆಯಿರುವುದು ಈ ವರ್ಗದಲ್ಲಿಯೇ, ಏಕೆಂದರೆ ‘ಅರ್ಧ’ ಎಂಬುದಕ್ಕೆ ಅಳತೆಯಿಲ್ಲ.

ಫುಲ್ಲಿ ಫರ್ನಿಶ್ಡ್ ಎಂದರೆ ಸೂಟ್‌ಕೇಸ್ ಹಿಡಿದು ಬಂದು ಸಂಸಾರ ಆರಂಭಿಸುವಂತಿರಬೇಕು. ಮಂಚ, ಹಾಸಿಗೆ, ಸೋಫಾ, ಊಟದ ಮೇಜು, ಟಿ.ವಿ., ಫ್ರಿಜ್, ವಾಷಿಂಗ್ ಮೆಷಿನ್, ಗ್ಯಾಸ್ ಒಲೆ ರೂಢಿಯಲ್ಲಿವೆ. ಮೈಕ್ರೋವೇವ್, ನೀರು ಶುದ್ಧೀಕರಿಸುವ ಯಂತ್ರ, ಇನ್ವರ್ಟರ್, ಎ.ಸಿ.ಗಳನ್ನು ಕೇಳಿಯೇ ತಿಳಿಯಬೇಕು. ಗ್ಯಾಸ್ ಒಲೆ ಇದ್ದರೂ ಸಿಲಿಂಡರ್ ಸಂಪರ್ಕ ಸಾಮಾನ್ಯವಾಗಿ ಬಾಡಿಗೆದಾರನದೇ.

ಒಂದೇ ಕಟ್ಟಡದಲ್ಲಿ ಸೆಮಿ ಫರ್ನಿಶ್ಡ್ ಮನೆಗೂ ಫುಲ್ಲಿ ಫರ್ನಿಶ್ಡ್ ಮನೆಗೂ ಬಾಡಿಗೆಯಲ್ಲಿ ಸಾವಿರಾರು ರೂಪಾಯಿ ಅಂತರವಿರುತ್ತದೆ. ಈ ಅಂತರವನ್ನು 11 ತಿಂಗಳಿಂದ ಗುಣಿಸಿ ನೋಡಿ. ಆ ಮೊತ್ತದಲ್ಲಿ ಹೊಸ ಫ್ರಿಜ್, ವಾಷಿಂಗ್ ಮೆಷಿನ್ ಕೊಳ್ಳಬಹುದಾದರೆ, ಎರಡು ಮೂರು ವರ್ಷ ಒಂದೇ ಊರಿನಲ್ಲಿ ಇರುವವರಿಗೆ ಸ್ವಂತ ವಸ್ತುವೇ ಲೇಸು. ಆರು ತಿಂಗಳಿಗೆ ವರ್ಗವಾಗುವವರಿಗೆ ಲೆಕ್ಕ ಬೇರೆ.

ಗೀಸರ್: ಇದೆ ಎಂದರೆ ಸಾಲದು

ನಮ್ಮ ನಗರಗಳ ಬಾಡಿಗೆ ಮನೆಗಳಲ್ಲಿ ಅತಿ ಹೆಚ್ಚು ಮಾತಿಗೆ ಬರುವ ಸಾಧನ ಗೀಸರ್. ಅದು ಗೋಡೆಗೆ ಕೂತಿರುವುದರಿಂದ ಮನೆಯ ಭಾಗದಂತೆಯೂ, ಕೆಡುವುದರಿಂದ ಯಂತ್ರದಂತೆಯೂ ಕಾಣುತ್ತದೆ.

ಬೋರ್‌ವೆಲ್‌ನ ಗಡಸು ನೀರು ಬರುವ ಬಡಾವಣೆಗಳಲ್ಲಿ ಗೀಸರ್‌ನ ಕಾಯಿಸುವ ಸುರುಳಿಯ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ನೀರು ಕಾಯಲು ಹೆಚ್ಚು ಹೊತ್ತು ಬೇಕು. ಕೊನೆಗೆ ಸುರುಳಿಯೇ ಸುಟ್ಟುಹೋಗುತ್ತದೆ. ಇದು ಬಾಡಿಗೆದಾರನ ತಪ್ಪಲ್ಲ, ನೀರಿನ ಗುಣ. ಸಹಜ ಸವಕಳಿ ಎಂಬ ಮಾತು ಒಪ್ಪುವುದು ಇಂಥಲ್ಲಿಯೇ.

ಮನೆ ನೋಡಲು ಹೋದಾಗ ಗೀಸರ್ ಹಾಕಿಸಿ ನೋಡಿ. 15 ಲೀಟರ್‌ನ, 2 ಕಿಲೋವಾಟ್ ಗೀಸರ್ ತಣ್ಣೀರನ್ನು ಸ್ನಾನಕ್ಕೆ ಒದಗುವಷ್ಟು ಬಿಸಿ ಮಾಡಲು ಸುಮಾರು 20 ನಿಮಿಷ ಸಾಕು. ಮುಕ್ಕಾಲು ಗಂಟೆಯಾದರೂ ಬೆಚ್ಚಗಷ್ಟೇ ಆದರೆ ದೋಷವಿದೆ ಎಂದರ್ಥ. ತೊಟ್ಟಿಯ ಕೆಳಗೆ ತುಕ್ಕಿನ ಕಲೆ, ನೀರಿನ ತೊಟಕು ಇದೆಯೇ ಎಂಬುದನ್ನೂ ಗಮನಿಸಿ.

ರಾಜ್ಯದಲ್ಲಿ ಸೌರ ಜಲತಾಪಕ ಅಂದರೆ ಸೋಲಾರ್ ವ್ಯಾಪಕವಾಗಿದೆ. ‘ಸೋಲಾರ್ ಇದೆ’ ಎಂದು ಮಾಲೀಕರು ಹೇಳಿದರೆ ಮೂರು ಪ್ರಶ್ನೆ ಕೇಳಬೇಕು. ಎಷ್ಟು ಲೀಟರ್‌ನದು, ಎಷ್ಟು ಮನೆಗಳಿಗೆ ಹಂಚಿಕೆಯಾಗಿದೆ, ಮೋಡದ ದಿನಗಳಿಗೆ ಬದಲಿ ಏರ್ಪಾಟು ಏನು? ತಾರಸಿಯಿಂದ ನೆಲ ಮಹಡಿಯವರೆಗಿನ ಉದ್ದನೆಯ ಕೊಳವೆಯಲ್ಲಿ ನಿಂತ ತಣ್ಣೀರು ಹೊರಹೋದ ಬಳಿಕವೇ ಬಿಸಿನೀರು ಬರುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ತಡವಾಗಿ ಸ್ನಾನ ಮಾಡುವ ಮನೆಗೆ ಬಿಸಿನೀರು ಮುಗಿದಿರಬಹುದು. ಜುಲೈ, ಆಗಸ್ಟ್‌ನ ಮಳೆಗಾಲದಲ್ಲಿ ಸೋಲಾರ್ ಒಂದನ್ನೇ ನಂಬಿದವರು ಒಲೆಯ ಮೇಲೆ ನೀರು ಕಾಯಿಸಬೇಕಾಗುತ್ತದೆ.

ಗ್ಯಾಸ್ ಗೀಸರ್ ಇರುವ ಮನೆಯಾದರೆ ಎಚ್ಚರಿಕೆ ಹೆಚ್ಚಾಗಿರಬೇಕು. ಗಾಳಿಯಾಡದ ಸ್ನಾನದ ಮನೆಯೊಳಗೆ ಅದು ಉರಿದಾಗ ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲ ಸೇರಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪಿ ಸಾವನ್ನಪ್ಪಿದ ಪ್ರಕರಣಗಳು ನಮ್ಮ ರಾಜ್ಯದಲ್ಲಿಯೇ ವರದಿಯಾಗಿವೆ. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೆ, ತೆರೆದ ಜಾಗದಲ್ಲಿ ಅಳವಡಿಸಿರಬೇಕು. ಒಳಗಿದ್ದರೆ ಸ್ಥಳಾಂತರಿಸಿಕೊಡುವಂತೆ ಕೇಳಿ. ಒಪ್ಪದಿದ್ದರೆ ಆ ಮನೆ ಬೇಡ. ಇದು ಚೌಕಾಸಿಯ ವಿಷಯವಲ್ಲ.

ಸ್ವಿಚ್‌ಬೋರ್ಡ್ ಹೇಳುವ ಸತ್ಯ

ಸಾಧನಗಳನ್ನು ಬಾಡಿಗೆದಾರನೇ ತರುವುದಾದರೂ ಅವನ್ನು ನಡೆಸುವ ಸೌಕರ್ಯ ಮನೆಯಲ್ಲಿರಬೇಕು. ಇದನ್ನು ಅನೇಕರು ಮನೆ ಸೇರಿದ ಮೇಲೆ ಗಮನಿಸುತ್ತಾರೆ.

ಗೋಡೆಯ ಸಾಕೆಟ್‌ಗಳಲ್ಲಿ ಎರಡು ಬಗೆ. ಚಿಕ್ಕದು 6 ಆಂಪಿಯರ್‌ನದು. 230 ವೋಲ್ಟ್‌ನಲ್ಲಿ ಸುಮಾರು 1,380 ವಾಟ್‌ವರೆಗೆ ತಾಳುತ್ತದೆ. ಟಿ.ವಿ., ಮಿಕ್ಸಿ, ಮೊಬೈಲ್ ಚಾರ್ಜರ್‌ಗೆ ಅಡ್ಡಿಯಿಲ್ಲ. ದಪ್ಪ ಕಡ್ಡಿಗಳ 16 ಆಂಪಿಯರ್‌ನ ಸಾಕೆಟ್ ಸುಮಾರು 3,680 ವಾಟ್ ತಾಳುತ್ತದೆ. ಗೀಸರ್, ಎ.ಸಿ., ಇಂಡಕ್ಷನ್ ಒಲೆ, ನೀರು ಕಾಯಿಸಿಕೊಳ್ಳುವ ವಾಷಿಂಗ್ ಮೆಷಿನ್‌ಗಳಿಗೆ ಇದೇ ಬೇಕು. 3 ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್ ಒಂದೇ 13 ಆಂಪಿಯರ್ ಎಳೆಯುತ್ತದೆ. ಅದನ್ನು ಚಿಕ್ಕ ಸಾಕೆಟ್‌ಗೆ ಹೇಗೋ ಹೊಂದಿಸಿದರೆ ಪ್ಲಗ್ ಕರಗುತ್ತದೆ, ತಂತಿ ಸುಡುತ್ತದೆ.

ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಜಾಗದಲ್ಲಿ, ಮಲಗುವ ಕೋಣೆಯಲ್ಲಿ ದಪ್ಪ ಸಾಕೆಟ್ ಇದೆಯೇ ಎಂದು ಎಣಿಸಿ. ವಾಷಿಂಗ್ ಮೆಷಿನ್‌ಗೆ ನಲ್ಲಿ, ಕೊಳೆನೀರು ಹೋಗುವ ದಾರಿ ಮತ್ತು ಸಾಕೆಟ್ ಮೂರೂ ಒಂದೇ ಕಡೆ ಇರಬೇಕು. ಫ್ರಿಜ್ ನಿಲ್ಲಿಸುವ ಜಾಗದ ಅಗಲವನ್ನು, ಅದು ಒಳಬರುವ ಬಾಗಿಲಿನ ಅಗಲವನ್ನು ಟೇಪು ಹಿಡಿದು ಅಳೆಯುವುದರಲ್ಲಿ ಸಂಕೋಚ ಬೇಡ.

ಅರ್ಥಿಂಗ್ ಸರಿಯಾಗಿದೆಯೇ, ವಿದ್ಯುತ್ ಸೋರಿಕೆಯಾದರೆ ತಾನಾಗಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನ ಮುಖ್ಯ ಫಲಕದಲ್ಲಿ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸುವುದು ಒಳ್ಳೆಯದು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಜೀವ ಉಳಿಸುವ ಸಾಧನ. ಫ್ರಿಜ್ ಮುಟ್ಟಿದರೆ ಜುಮ್ ಎನ್ನುವುದು, ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದು ವೈರಿಂಗ್ ಅಥವಾ ಅರ್ಥಿಂಗ್ ದೋಷದ ಸೂಚನೆ. ಅದನ್ನು ಕೂಡಲೇ ಬರಹದಲ್ಲಿ ಮಾಲೀಕರಿಗೆ ತಿಳಿಸಬೇಕು.

ಇನ್ನೊಂದು ವಿಷಯ, ಮಂಜೂರಾದ ವಿದ್ಯುತ್ ಹೊರೆ. ವಿದ್ಯುತ್ ಬಿಲ್ಲಿನಲ್ಲಿಯೇ ಅದನ್ನು ಕಿಲೋವಾಟ್ ಲೆಕ್ಕದಲ್ಲಿ ನಮೂದಿಸಿರುತ್ತಾರೆ. ಒಂದೂವರೆ ಟನ್‌ನ ಎ.ಸಿ. ಪೂರ್ಣ ವೇಗದಲ್ಲಿ ಸುಮಾರು 1.5 ಕಿಲೋವಾಟ್, ಗೀಸರ್ 2 ಕಿಲೋವಾಟ್, ಇಂಡಕ್ಷನ್ ಒಲೆ 2 ಕಿಲೋವಾಟ್. ಎರಡು ಕಿಲೋವಾಟ್ ಮಂಜೂರಾದ ಮನೆಯಲ್ಲಿ ಇವನ್ನೆಲ್ಲ ಒಟ್ಟಿಗೆ ನಡೆಸುವಂತಿಲ್ಲ. ಹೊರೆ ಹೆಚ್ಚಿಸಿಕೊಳ್ಳಲು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಬೇಕು. ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಎ.ಸಿ. ತರುವ ಯೋಚನೆಯಿದ್ದರೆ ಮನೆ ಒಪ್ಪುವ ಮುನ್ನವೇ ಮಾತನಾಡಿ. ಗೋಡೆಗೆ ತೂತು ಕೊರೆಯಲು ಅನುಮತಿಯನ್ನೂ ಆಗಲೇ ಪಡೆಯಿರಿ.

ಯಂತ್ರ ಅವರದು, ಬಿಲ್ಲು ನಿಮ್ಮದು

ಮಾಲೀಕರು ಸಾಧನ ಕೊಟ್ಟರೆ ಸಂತೋಷ. ಆದರೆ ಅದನ್ನು ಕೊಳ್ಳುವವರು ಅವರು, ಅದರ ವಿದ್ಯುತ್ ಬಿಲ್ಲು ಕಟ್ಟುವವರು ನೀವು. ಕಡಿಮೆ ಬೆಲೆಯ, ಹೆಚ್ಚು ವಿದ್ಯುತ್ ನುಂಗುವ ಯಂತ್ರ ಕೊಂಡರೆ ಮಾಲೀಕರಿಗೆ ಉಳಿತಾಯ. ನಷ್ಟ ಪ್ರತಿ ತಿಂಗಳೂ ಬಾಡಿಗೆದಾರನಿಗೆ. ಹಳೆಯ ಫ್ರಿಜ್ ಒಂದನ್ನು ‘ಉಚಿತವಾಗಿ’ ಬಿಟ್ಟುಹೋದಾಗ ಇದನ್ನು ನೆನಪಿಡಬೇಕು.

ಫ್ಯಾನ್‌ನ ಉದಾಹರಣೆ ತೆಗೆದುಕೊಳ್ಳಿ. ಹಳೆಯ ಮಾದರಿಯ ಫ್ಯಾನ್ 75 ವಾಟ್ ಬೇಡುತ್ತದೆ. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನ್‌ಗೆ 30 ವಾಟ್ ಸಾಕು. ತಿಂಗಳಿಗೆ ಸುಮಾರು 11 ಯೂನಿಟ್. ಮೂರು ಫ್ಯಾನುಗಳ ಮನೆಯಲ್ಲಿ ವ್ಯತ್ಯಾಸ 48 ಯೂನಿಟ್. ಸೀಲಿಂಗ್ ಫ್ಯಾನುಗಳಿಗೆ 2023ರ ಜನವರಿಯಿಂದ ನಕ್ಷತ್ರ ಗುರುತಿನ ಚೀಟಿ ಕಡ್ಡಾಯವಾಗಿದೆ. ಫ್ರಿಜ್, ಎ.ಸಿ., ಗೀಸರ್‌ಗಳ ಮೇಲೂ ಚೀಟಿ ಇರುತ್ತದೆ. ನಕ್ಷತ್ರಗಳ ಸಂಖ್ಯೆಯ ಜತೆಗೆ ಚೀಟಿಯ ವರ್ಷವನ್ನೂ ನೋಡಬೇಕು. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಇಂದಿನ ಐದಕ್ಕೆ ಸಮನಲ್ಲ.

ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಲೆಕ್ಕಕ್ಕೆ ಇನ್ನಷ್ಟು ತೂಕ ಬಂದಿದೆ. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಒಳಗಿನ ಗೃಹಬಳಕೆಗೆ, ಪ್ರತಿ ಮನೆಗೆ ಹಿಂದಿನ ಬಳಕೆಯ ಆಧಾರದಲ್ಲಿ ನಿಗದಿಯಾದ ಅರ್ಹ ಮಿತಿಯವರೆಗೆ ಶುಲ್ಕವಿಲ್ಲ. ಬಾಡಿಗೆದಾರರೂ ಇದಕ್ಕೆ ಅರ್ಹರು. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ಕಟ್ಟಬೇಕು. ನಾಲ್ವರ ಸಂಸಾರ ದಿನಕ್ಕೆ ನಾಲ್ಕು ಬಾರಿ ಗೀಸರ್‌ನ ತೊಟ್ಟಿ ಕಾಯಿಸಿದರೆ ತಿಂಗಳಿಗೆ 70 ಯೂನಿಟ್ ಮೀರುತ್ತದೆ. ಅಂದರೆ ಮಿತಿಯ ಮೂರನೇ ಒಂದು ಭಾಗ ಸ್ನಾನಕ್ಕೇ ಸಂದಂತಾಯಿತು. ಸೋಲಾರ್ ಇರುವ ಮನೆಗೂ ಇಲ್ಲದ ಮನೆಗೂ ಇರುವ ವ್ಯತ್ಯಾಸ ಇದೇ.

ಯೋಜನೆಯ ಲಾಭ ಸಿಗುವುದು ಆರ್.ಆರ್. ಸಂಖ್ಯೆ ಇರುವ ಮೀಟರಿಗೆ. ಮಾಲೀಕರ ಮೀಟರಿನಿಂದ ಸಬ್ ಮೀಟರ್ ಹಾಕಿ ಕೊಟ್ಟ ಮನೆಯಾದರೆ ಬಾಡಿಗೆದಾರನ ಹೆಸರಿನಲ್ಲಿ ಪ್ರತ್ಯೇಕ ಲಾಭ ದೊರೆಯದು. ಮನೆಗೆ ಸ್ವತಂತ್ರ ಮೀಟರ್ ಇದೆಯೇ ಎಂಬುದು ಫ್ರಿಜ್ ಇದೆಯೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಹಳೆಯ ಮನೆಯಲ್ಲಿ ಯೋಜನೆಗೆ ನೋಂದಾಯಿಸಿಕೊಂಡಿದ್ದವರು ಮನೆ ಬದಲಿಸುವಾಗ ಆ ಜೋಡಣೆಯನ್ನು ರದ್ದುಪಡಿಸಿಕೊಂಡು ಹೊಸ ಮನೆಗೆ ಅರ್ಜಿ ಹಾಕಬೇಕು.

ಊರಿಗೊಂದು ರೂಢಿ

ನಿರೀಕ್ಷೆ ಊರಿನ ಹವೆ, ನೀರಿನ ಪೂರೈಕೆಗಳ ಮೇಲೆಯೂ ನಿಂತಿದೆ. ಬೆಂಗಳೂರು, ಮೈಸೂರಿನಲ್ಲಿ ಗೀಸರ್ ಇಲ್ಲದ ಮನೆಗೆ ಬೇಡಿಕೆ ಕಡಿಮೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಕೂಲರ್ ಇಡುವ ಕಿಟಕಿ, ಎ.ಸಿ. ತಾಳುವ ವೈರಿಂಗ್ ಮುಖ್ಯ. ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲ ಹಂಡೆಯೇ ಗೀಸರ್. ಸೌದೆ ಹೊಂದಿಸಿಕೊಳ್ಳುವವರಿಗೆ ಅದರಷ್ಟು ಹಿತವಾದ ಸ್ನಾನ ಬೇರೊಂದಿಲ್ಲ. ನಲ್ಲಿ ನೀರು ಪ್ರತಿದಿನ ಬಾರದ ಊರುಗಳಲ್ಲಿ ಸಂಪು, ಮೇಲಿನ ಟ್ಯಾಂಕು ಮತ್ತು ಪಂಪು ಇರುವುದೇ ಮೊದಲ ಸೌಕರ್ಯ. ಪಂಪು ಸುಟ್ಟರೆ ಯಾರು ಕಟ್ಟಿಸಬೇಕು, ಅದರ ವಿದ್ಯುತ್ ಯಾರ ಮೀಟರಿಗೆ ಸೇರಿದೆ ಎಂಬುದನ್ನು ಅಲ್ಲಿ ಮೊದಲೇ ಕೇಳಿಕೊಳ್ಳಬೇಕು.

ನೀರು ಶುದ್ಧೀಕರಿಸುವ ಆರ್‌ಒ ಯಂತ್ರವನ್ನು ಮಾಲೀಕರು ಕೊಟ್ಟಿದ್ದರೆ ಅದರ ಫಿಲ್ಟರ್ ಕೊನೆಯದಾಗಿ ಯಾವಾಗ ಬದಲಾಯಿತು ಎಂದು ಕೇಳಿ. ಫಿಲ್ಟರ್‌ನ ನಿಯತ ಖರ್ಚು ಬಾಡಿಗೆದಾರನದು, ಯಂತ್ರ ಬದಲಿಸುವ ಖರ್ಚು ಮಾಲೀಕರದು ಎಂದು ಬರೆದುಕೊಂಡರೆ ಇಬ್ಬರಿಗೂ ನ್ಯಾಯ. ಇನ್ವರ್ಟರ್ ಬ್ಯಾಟರಿಗೂ ಇದೇ ಸೂತ್ರ ಒಪ್ಪುತ್ತದೆ. ಬಟ್ಟಿ ನೀರು ಹಾಕುವುದು ಬಾಡಿಗೆದಾರನ ಕೆಲಸ, ಆಯುಸ್ಸು ಮುಗಿದ ಬ್ಯಾಟರಿ ಮಾಲೀಕರ ಹೊಣೆ.

ಮಾದರಿ ಕಾಯಿದೆಯ ಅಳತೆಗೋಲು

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯಿದೆಗೆ ಒಪ್ಪಿಗೆ ನೀಡಿತು. ಇದು ರಾಜ್ಯಗಳಿಗೆ ಮಾದರಿ ಮಾತ್ರ. ರಾಜ್ಯ ತನ್ನ ಶಾಸನವಾಗಿ ಅದನ್ನು ತಂದಾಗಷ್ಟೇ ಬಲ ಬರುತ್ತದೆ. ಆದರೂ ಯಾವ ರಿಪೇರಿ ಯಾರದು ಎಂಬ ಪಟ್ಟಿ ಅದರಲ್ಲಿ ಇರುವುದರಿಂದ ಕರಾರು ಬರೆಯುವವರಿಗೆ ಅಳತೆಗೋಲಾಗಿ ಒದಗುತ್ತದೆ.

ಆ ಪಟ್ಟಿಯ ಪ್ರಕಾರ ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ ಬಣ್ಣ, ಕೊಳವೆಗಳ ಬದಲಾವಣೆ, ಒಳ ಹೊರಗಿನ ವೈರಿಂಗ್ ಮಾಲೀಕರ ಹೊಣೆ. ನಲ್ಲಿ ಮತ್ತು ವಾಷರ್, ಚರಂಡಿ ಶುಚಿ, ಕಮೋಡು, ವಾಷ್ ಬೇಸಿನ್, ಸ್ವಿಚ್, ಸಾಕೆಟ್, ಬಾಗಿಲಿನ ಬೀಗ, ಸೊಳ್ಳೆ ಜಾಲರಿಗಳ ರಿಪೇರಿ ಬಾಡಿಗೆದಾರನದು. ಗೀಸರ್ ರಿಪೇರಿಯನ್ನೂ, ವಿದ್ಯುತ್ ಸಾಧನಗಳ ರಿಪೇರಿ ಮತ್ತು ಬದಲಾವಣೆಯನ್ನೂ ಅದು ಬಾಡಿಗೆದಾರನ ಕಡೆಗೇ ಹಾಕಿದೆ.

ಬಾಡಿಗೆದಾರರು ಇದನ್ನು ಎರಡು ಬಾರಿ ಓದಬೇಕು. ಕಾಯಿದೆ ತಮ್ಮ ಪರವಾಗಿಯೇ ಇರುತ್ತದೆ ಎಂಬ ನಂಬಿಕೆ ಇಲ್ಲಿ ಸಲ್ಲದು. ಹತ್ತು ವರ್ಷದ ಗೀಸರ್ ಮನೆ ಸೇರಿದ ಮೂರನೇ ತಿಂಗಳು ಕೆಟ್ಟರೆ ಹೊಸದನ್ನು ಕೊಡಿಸುವವರು ಯಾರು ಎಂಬುದು ಕರಾರಿನಲ್ಲಿಯೇ ತೀರ್ಮಾನವಾಗಿರಬೇಕು.

ಇದೇ ಮಾದರಿ ಕಾಯಿದೆ ವಾಸದ ಮನೆಗೆ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ನೀರು, ವಿದ್ಯುತ್‌ನಂಥ ಅಗತ್ಯ ಪೂರೈಕೆಗಳನ್ನು ಮಾಲೀಕರು ಕಡಿತಗೊಳಿಸುವಂತಿಲ್ಲ ಎನ್ನುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿಯಿದ್ದ ಬೆಂಗಳೂರಿಗೆ ಎರಡು ತಿಂಗಳೆಂಬುದು ದೂರದ ಮಾತು. ಮುಂಗಡ ದೊಡ್ಡದಾದಷ್ಟೂ ಕಡಿತಕ್ಕೆ ಅವಕಾಶ ಹೆಚ್ಚು. ಪಟ್ಟಿಯ ಅಗತ್ಯವೂ ಅಷ್ಟೇ ಹೆಚ್ಚು. ಬಾಡಿಗೆ ಬದಲು ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಸೇರುವವರಿಗಂತೂ ಇದು ಇನ್ನೂ ನಿಜ.

ಬೇರೆ ದೇಶಗಳಲ್ಲಿ ಹೇಗೆ?

ಕನ್ನಡಿಗರು ಬಹಳಷ್ಟು ಮಂದಿ ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಈ ಪ್ರಶ್ನೆಗೆ ಶಾಸನವೇ ಉತ್ತರ ಕೊಟ್ಟಿದೆ. 2026ರ ಜನವರಿ 1ರಿಂದ ಮಾಡಿಕೊಳ್ಳುವ, ತಿದ್ದುವ ಅಥವಾ ಮುಂದುವರಿಸುವ ಬಾಡಿಗೆ ಕರಾರುಗಳಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಸುಸ್ಥಿತಿಯ ಒಲೆ ಮತ್ತು ಫ್ರಿಜ್ ಒದಗಿಸುವುದು ಮಾಲೀಕರ ಕರ್ತವ್ಯ. ಬಾಡಿಗೆದಾರನು ಬಯಸಿದರೆ ತನ್ನದೇ ಫ್ರಿಜ್ ತರಬಹುದು. ಅದಕ್ಕೂ ಮುನ್ನ ಆ ರಾಜ್ಯದಲ್ಲಿಯೂ ಈ ಎರಡು ವಸ್ತುಗಳು ಕಡ್ಡಾಯವಾಗಿರಲಿಲ್ಲ.

ಜರ್ಮನಿಯಲ್ಲಿ ಚಿತ್ರ ತಿರುಗುಮುರುಗು. ಅಲ್ಲಿ ಹಲವು ಬಾಡಿಗೆ ಮನೆಗಳ ಅಡುಗೆಕೋಣೆ ಪೂರ್ತಿ ಖಾಲಿ. ಸಿಂಕು, ಕಪಾಟುಗಳೂ ಇರುವುದಿಲ್ಲ. ಹಿಂದಿನ ಬಾಡಿಗೆದಾರನಿಂದ ಅಡುಗೆಮನೆಯನ್ನೇ ಕೊಂಡುಕೊಳ್ಳುವುದು ಅಲ್ಲಿ ಸಾಮಾನ್ಯ. ಕೆಲಸಕ್ಕೆಂದು ಹೋಗುವ ನಮ್ಮ ಊರಿನವರು ಇದನ್ನು ಕಂಡು ಬೆರಗಾಗುತ್ತಾರೆ. ಒಟ್ಟಿನಲ್ಲಿ ‘ಮನೆ’ ಎಂದರೆ ಏನೆಲ್ಲ ಸೇರುತ್ತದೆ ಎಂಬುದಕ್ಕೆ ಎಲ್ಲೆಡೆಗೂ ಒಪ್ಪುವ ಉತ್ತರವಿಲ್ಲ. ಶಾಸನ ಹೇಳದ ಕಡೆ ಕಾಗದ ಹೇಳಬೇಕು.

ಪಟ್ಟಿ ಹೇಗಿರಬೇಕು?

ನಮ್ಮಲ್ಲಿ ಬಹುತೇಕ ಕರಾರುಗಳು 11 ತಿಂಗಳಿನವು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುವುದೇ ಇದಕ್ಕೆ ಕಾರಣ. ಟೈಪ್ ಮಾಡಿಸುವ ಅಂಗಡಿಯಲ್ಲಿ ಸಿದ್ಧ ನಮೂನೆ ಇರುತ್ತದೆ. ಹೆಸರು, ಬಾಡಿಗೆ, ಮುಂಗಡ ತುಂಬಿದರೆ ಮುಗಿಯಿತು. ಆ ನಮೂನೆಯ ಕೊನೆಯಲ್ಲಿ ಬಲ್ಬು, ಫ್ಯಾನುಗಳಿಗೆಂದು ಬಿಟ್ಟ ಖಾಲಿ ಜಾಗವನ್ನು ಖಾಲಿ ಬಿಡಬೇಡಿ. ಜಾಗ ಇಲ್ಲದಿದ್ದರೆ ಬೇರೆ ಹಾಳೆ ಸೇರಿಸಿ.

* ಪ್ರತಿ ಕೋಣೆಯ ಸಾಧನಗಳನ್ನು ಸಂಖ್ಯೆ, ಕಂಪನಿ, ಮಾದರಿ ಸಹಿತ ಬರೆಯಿರಿ. ‘ಗೀಸರ್ 1, 15 ಲೀಟರ್, ಕೆಲಸ ಮಾಡುತ್ತಿದೆ’ ಎಂಬಂತಿರಲಿ.

* ಇರುವ ದೋಷಗಳನ್ನೂ ಬರೆಯಿರಿ. ಬಿರುಕು ಬಿಟ್ಟ ಸಿಂಕು, ಸದ್ದು ಮಾಡುವ ಫ್ಯಾನ್, ಕಲೆಯಾದ ಹಾಸಿಗೆ ಯಾವುದನ್ನೂ ಬಿಡಬೇಡಿ.

* ಚಿಕ್ಕ ರಿಪೇರಿ ಯಾರದು, ವಸ್ತುವನ್ನೇ ಬದಲಿಸುವ ಖರ್ಚು ಯಾರದು, ತಿಳಿಸಿದ ಎಷ್ಟು ದಿನದೊಳಗೆ ಆಗಬೇಕು ಎಂಬುದು ಸ್ಪಷ್ಟವಿರಲಿ.

* ಬಾಡಿಗೆದಾರನು ತಂದು ಕೂರಿಸುವ ಗೀಸರ್, ಫ್ಯಾನ್, ಎ.ಸಿ.ಗಳನ್ನು ಮರಳಿ ಒಯ್ಯುವ ಹಕ್ಕನ್ನು ನಮೂದಿಸಿ.

* ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿಯಿದ್ದರೆ, ಅದರ ಹೊರತು ಬೇರೆ ಯಾವ ಕಾರಣಕ್ಕೆ ಎಷ್ಟು ಕಡಿತ ಎಂಬುದೂ ಇರಲಿ.

* ಪ್ರತಿ ಪುಟಕ್ಕೂ ಇಬ್ಬರ ಸಹಿ, ದಿನಾಂಕ. ಒಂದೊಂದು ಪ್ರತಿ ಇಬ್ಬರ ಬಳಿಯೂ ಇರಲಿ.

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಚಿತ್ರಗಳನ್ನು ಮೊಬೈಲ್‌ನಲ್ಲಿ ತೆಗೆದು ಅಂದೇ ಮಾಲೀಕರಿಗೆ ಕಳುಹಿಸಿ. ಮೀಟರ್‌ನ ಅಂಕಿಯ ಚಿತ್ರವೂ ಅದರಲ್ಲಿರಲಿ. ದಿನಾಂಕ ತಾನಾಗಿ ದಾಖಲಾಗುತ್ತದೆ. ಮುಂದೆ ಏನಾದರೂ ಕೆಟ್ಟಾಗ ಫೋನಿನಲ್ಲಿ ಹೇಳುವುದರ ಜತೆಗೆ ಎರಡು ಸಾಲು ಬರೆದು ಕಳುಹಿಸುವ ಅಭ್ಯಾಸವಿಟ್ಟುಕೊಳ್ಳಿ. ರಿಪೇರಿಯ ರಸೀದಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಕೇಳಿದರೆ ಮಾಲೀಕರು ಮನೆಯನ್ನೇ ಕೊಡದಿದ್ದರೆ ಎಂಬ ಅಳುಕು ಸಹಜ. ಆದರೆ ಪಟ್ಟಿ ಮಾಲೀಕರಿಗೂ ರಕ್ಷಣೆ. ಮನೆ ಬಿಟ್ಟವರು ಫ್ಯಾನ್ ಬಿಚ್ಚಿಕೊಂಡು ಹೋದರೆ ಕೇಳುವುದಕ್ಕೆ ಅವರಿಗೂ ಆಧಾರ ಬೇಕಲ್ಲವೇ? ಹೀಗೆ ವಿವರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಸಹಿ ಹಾಕುವುದಕ್ಕೇ ಹಿಂದೇಟು ಹಾಕುವವರು ಮುಂಗಡ ಹಿಂದಿರುಗಿಸುವಾಗ ಹೇಗಿರುತ್ತಾರೆ ಎಂಬುದನ್ನು ಆಗಲೇ ಅಂದಾಜಿಸಬಹುದು.

ಮುಂಗಡದ ತಕರಾರು ಕೊನೆಗೆ ತಲುಪುವುದು ಸಿವಿಲ್ ನ್ಯಾಯಾಲಯವನ್ನು. ವಕೀಲರ ನೋಟಿಸು, ಶುಲ್ಕ, ಅಲೆದಾಟಗಳ ಮುಂದೆ ಗೀಸರ್‌ನ ಬೆಲೆ ಚಿಕ್ಕದು. ಇದೇ ಕಾರಣಕ್ಕೆ ಬಾಡಿಗೆದಾರರು ಕೈಚೆಲ್ಲಿ ಮನೆ ಖಾಲಿ ಮಾಡುತ್ತಾರೆ. ಆ ಕಡಿತವನ್ನು ತಡೆಯಬಹುದಾದ ಗಳಿಗೆ ಮನೆ ಬಿಡುವ ದಿನದಲ್ಲಿಲ್ಲ, ಮನೆ ಸೇರುವ ದಿನದಲ್ಲಿದೆ. ಹಾಲು ಉಕ್ಕಿಸುವ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಪ್ರತಿ ಸ್ವಿಚ್ ಒತ್ತಿ, ಪ್ರತಿ ನಲ್ಲಿ ತಿರುಗಿಸಿ, ಕಂಡದ್ದನ್ನು ಬರೆದಿಡಿ.